ನಂಜಮ್ಮ ಎಂಬ ವಿಡಿಯೋ ಗೇಮ್

ಮನೆ ಬದಲಿಸುವಾಗ ಸಂಸಾರದ ಗುಟ್ಟೆಲ್ಲ ರಟ್ಟಿನ ಡಬ್ಬಗಳ ಮೇಲೆ ಬಯಲಾಗುತ್ತದೆ, ಸ್ವಾಮಿ. ಇದೇ ನೈರೋಬಿಯಲ್ಲಿ ಕಿಲೆಲೆಶ್ವಾದ ಫ್ಲ್ಯಾಟ್ ಬಿಟ್ಟು ವೆಸ್ಟ್‌ಲ್ಯಾಂಡ್ಸ್ ಬಡಾವಣೆಗೆ ಹೊರಟಿದ್ದೇವೆ. ಸಾಮಾನು ಕಟ್ಟಲು ಬಂದಿರುವ ಮುಟುವಾ ಬಲು ಶಿಸ್ತಿನ ಮನುಷ್ಯ. ಪ್ರತಿ ಡಬ್ಬದ ಮೇಲೂ ಒಳಗೇನಿದೆಯೆಂದು ನನ್ನಿಂದ ಇಂಗ್ಲಿಷಿನಲ್ಲಿ ಬರೆಸುತ್ತಾನೆ. ಪಾತ್ರೆ, ಪುಸ್ತಕ, ಪರದೆ ಎಂದು ಸಲೀಸಾಗಿ ಬರೆಯುತ್ತಿದ್ದೆ. ಅಷ್ಟರಲ್ಲಿ ಬೀರುವಿನ ಮೇಲಿಂದ ಹಳೆಯ ವಿಡಿಯೋ ಗೇಮ್ ಇಳಿಯಿತು. ಅದರ ಹಣೆಯ ಮೇಲೆ ಇನ್ನೂ ಕುಂಕುಮದ ಕಲೆ.

ಇಪ್ಪತ್ತು ವರ್ಷದ ಹಿಂದಿನ ಮಾತು. ಮಗಳು ನಿಧಿಗೆ ಆಗ ಎಂಟು. ಗೆಳತಿಯರ ಮನೆಗಳಲ್ಲೆಲ್ಲ ಹೊಳೆಯುವ ಹೊಸ ವಿಡಿಯೋ ಗೇಮ್‌ಗಳು. ನಾನೋ, ಹಳೆಯದೇ ಗಟ್ಟಿ ಎಂಬ ಪಂಥದವನು. ಊರಿಗೆ ಮರಳುತ್ತಿದ್ದ ಮಂಗಳೂರಿನ ಕುಟುಂಬವೊಂದು ಬಿಟ್ಟುಹೋಗುತ್ತಿದ್ದ, ಮುಂಭಾಗಕ್ಕೆ ಮರದ ಪಟ್ಟಿ ಹೊಡೆದ, ಟಿವಿಗೆ ಸಿಕ್ಕಿಸಿ ಆಡುವ, ಆ ಜಾತಿಯಲ್ಲೇ ಮೊದಮೊದಲಿನ ಪೆಟ್ಟಿಗೆಯನ್ನು ಯುದ್ಧ ಗೆದ್ದವನಂತೆ ಹೊತ್ತು ತಂದೆ. ಕಂಪನಿಯ ಹೆಸರಿದ್ದ ಬಿಲ್ಲೆ ಯಾವಾಗಲೋ ಉದುರಿಹೋಗಿತ್ತು. ಶನಿವಾರ ಗೆಳತಿಯರು ಬರುವವರಿದ್ದರು.

“ವಾಟ್ ಡು ಐ ಟೆಲ್ ದೆಮ್, ಅಪ್ಪಾ? ಇಟ್ ಹ್ಯಾಸ್ ನೋ ನೇಮ್!” ಮಗಳು ಅಳುಮೋರೆ ಹಾಕಿದಳು.

ಮೈಸೂರಿನಿಂದ ಬಂದಿದ್ದ ನನ್ನಮ್ಮ ಸೋಫಾದ ಮೇಲೆ ಹೂಬತ್ತಿ ಹೊಸೆಯುತ್ತಿದ್ದಳು. “ಹೆಸರಿಲ್ದಿದ್ರೆ ಇಟ್ರಾಯ್ತು. ಅದಕ್ಯಾಕೆ ಮಗೂನ ಅಳಿಸ್ತೀಯೋ?”

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ ಇದೆ. ನಮ್ಮ ಮನೆಯಲ್ಲಿ ಮೊದಲ ಮೊಮ್ಮಗಳಿಗೆ ಅಜ್ಜಿಯ ಹೆಸರಿಡುವುದು ವಾಡಿಕೆ. ಅಮ್ಮನ ಹೆಸರು ನಂಜಮ್ಮ. ನಿಧಿ ಹುಟ್ಟಿದಾಗ “ಈ ಹೆಸರು ನೈರೋಬಿಯಲ್ಲಿ ನಡೆಯಲ್ಲಮ್ಮ” ಎಂದು ಫೋನಿನಲ್ಲಿ ಹೇಳಿದ್ದೆ. “ಹೂಂ, ನಿಮಗೆ ಸರಿ ಕಂಡಿದ್ದು ಇಡಿ” ಎಂದಷ್ಟೇ ಅಂದಳು. ಅವಳಿಗೆ ನೋವಾಗಿದೆಯೆಂದು ನನಗೆ ಗೊತ್ತಿತ್ತು. ಗೊತ್ತಿಲ್ಲದವನಂತೆ ಎಂಟು ವರ್ಷ ತಳ್ಳಿದೆ.

ಶುಕ್ರವಾರ ಬೆಳಗ್ಗೆ ಶಾಸ್ತ್ರೋಕ್ತ ನಾಮಕರಣ. ಹರಿವಾಣದ ತುಂಬ ಅಕ್ಕಿ ಹರಡಿ, ಪೆಟ್ಟಿಗೆಯನ್ನು ಅದರ ಒಂದು ಬದಿಗೆ ಮಲಗಿಸಿ ಅಮ್ಮ ಕುಂಕುಮ ಇಟ್ಟಳು. ತನ್ನ ಚಿನ್ನದ ಉಂಗುರ ಬಿಚ್ಚಿ ಮೊಮ್ಮಗಳ ಕೈಗೆ ಕೊಟ್ಟಳು. “ನೀನೇ ಸೋದರತ್ತೆ ಅಂದ್ಕೋ. ಅಕ್ಕೀಲಿ ಬರೆದು, ಕಿವೀಲಿ ಮೂರು ಸಲ ಹೇಳು.”

ನಿಧಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಳು: ನಂಜಮ್ಮ.

ನನ್ನ ಹೆಂಡತಿ ಕೆಮ್ಮಿದಳು. ನಾನು ಕಿಟಕಿಯ ಕಡೆ ತಿರುಗಿದೆ. ತಲೆ ಬಾಚುವಾಗ ಅಜ್ಜಿಯಿಂದ ಕಥೆಯೆಲ್ಲ ಕೇಳಿಕೊಂಡಿದ್ದ ಮಗಳು ನನ್ನನ್ನೇ ನೋಡಿ, “ಇಟ್ ವಾಸ್ ಸಪೋಸ್ಡ್ ಟು ಬಿ ಮೈನ್, ನೋ?” ಎಂದಳು.

ಅಮ್ಮ ನಗುತ್ತ ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಸದ್ಯ, ಯಾರಿಗಾದ್ರೂ ಬೇಕಾಯ್ತಲ್ಲ.”

ಅಯ್ಯೋ, ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಶನಿವಾರ ಗೆಳತಿಯರೆದುರು ಪೆಟ್ಟಿಗೆ ಉಸಿರೇ ಬಿಡಲಿಲ್ಲ. ಕ್ಯಾಸೆಟ್ ಹಾಕುವ ಸಂದಿಗೆ ನಾಮಕರಣದ ಅಕ್ಕಿ ಸೇರಿತ್ತು. ಅಮ್ಮ ಹೇರ್‌ಪಿನ್ ಹಿಡಿದು ಒಂದೊಂದೇ ಕಾಳು ಹೆಕ್ಕಿ ತೆಗೆದಳು. ಟಿವಿಯಲ್ಲಿ ಬಣ್ಣ ಮೂಡಿದ್ದೇ ತಡ, ಮಗಳು ಸೊಂಟಕ್ಕೆ ಕೈಯಿಟ್ಟು ಗೆಳತಿಯರಿಗೆ ಪರಿಚಯ ಮಾಡಿಕೊಟ್ಟಳು: “ದಿಸ್ ಇಸ್ ನಂಜಮ್ಮ.” ಆಮೇಲೆ ಅಜ್ಜಿಯತ್ತ ಬೆರಳು ತೋರಿಸಿ, “ದಟ್ಸ್ ಆಲ್ಸೋ ನಂಜಮ್ಮ.” ಸಂಜೆಯವರೆಗೂ ಆರು ಹುಡುಗಿಯರು ಆ ಹೆಸರನ್ನು ಕೂಗಿದ್ದೇ ಕೂಗಿದ್ದು. ನೈರೋಬಿಯಲ್ಲಿ ಸೊಗಸಾಗಿ ನಡೆಯಿತು! ಅತ್ತೆಯ ಹೆಸರು ಹೇಳಲಾರದ ನನ್ನ ಹೆಂಡತಿ ಮಾತ್ರ ಕೊನೆಯವರೆಗೂ ಅದನ್ನು ‘ಆ ಪೆಟ್ಟಿಗೆ’ ಎಂದೇ ಕರೆದಳು. ನಾನಂತೂ ಏನೂ ಕರೆಯಲಿಲ್ಲ. ಅಮ್ಮನಿಗೆ ಒಂದು ಮಾತು ‘ತಪ್ಪಾಯ್ತು’ ಅನ್ನಲೂ ಇಲ್ಲ. ಅವಳು ಹೋಗಿ ಆರು ವರ್ಷವಾಯಿತು.

ಮುಟುವಾ ಮಾರ್ಕರ್ ಮುಂದೆ ಚಾಚಿ ಕಾಯುತ್ತಿದ್ದ. ತೆಗೆದುಕೊಂಡು, ಡಬ್ಬದ ನಾಲ್ಕು ಮಗ್ಗುಲಿಗೂ ದಪ್ಪಕ್ಷರದಲ್ಲಿ ಆ ಹೆಸರು ಬರೆದೆ. ಅವನು ಓದಿ ಹುಬ್ಬೇರಿಸಿ ಸ್ವಾಹಿಲಿಯಲ್ಲಿ ಕೇಳಿದ: “ನಂಜಮ್ಮ ನಿ ನಾನಿ?” ನಂಜಮ್ಮ ಅಂದರೆ ಯಾರು?

“ಮಾಮಾ ಯಾಂಗು,” ಎಂದೆ, ಗಟ್ಟಿಯಾಗಿ. ನನ್ನಮ್ಮ.

ಅವನು ಆ ಡಬ್ಬವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಲಾರಿಯ ಮುಂದಿನ ಸೀಟಿನಲ್ಲಿ ಕೂರಿಸಿದ.