ಅಮ್ಮಯಮ್ಮನ ಮಸಾಲೆಯಿಲ್ಲದ ಸಾರು

ಕುಂದಾಣದ ಸುತ್ತಮುತ್ತ ಯಾರ ಮನೆಯಲ್ಲಿ ಬಾಡೂಟವಾದರೂ ಮಸಾಲೆಗೆ ಅಮ್ಮಯಮ್ಮನೇ ಬರಬೇಕು. ಮಿಕ್ಸಿ, ಗ್ರೈಂಡರು ಬಂದು ಎಷ್ಟು ವರ್ಷವಾಯಿತೋ! ಆದರೂ ಧನಿಯ ಎಷ್ಟು ಹುರಿಯಬೇಕು, ಕೊಬ್ಬರಿ ಎಷ್ಟು ಬೀಳಬೇಕು ಅಂತ ಹೇಳುವ ಯಂತ್ರ ಇನ್ನೂ ಯಾವ ಅಂಗಡಿಗೂ ಬಂದಿಲ್ಲವಲ್ಲ. ಅರವತ್ತೆರಡರ ಹೆಂಗಸು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನಿಂತಳೆಂದರೆ ಮುನ್ನೂರು ಎಲೆಗೆ ಆಗುವಷ್ಟು ಸಾರು ಕೈ ಅಳತೆಯಲ್ಲೇ ಇಳಿದುಬಿಡುತ್ತದೆ. ಗಂಡ ತೀರಿಕೊಂಡ ಮೇಲೆ ಮಗ ಮುನಿರಾಜನನ್ನು ಬೆಳೆಸಿದ್ದು, ಮನೆಗೆ ತಾರಸಿ ಹಾಕಿಸಿದ್ದು ಎಲ್ಲವೂ ಆ ಕೈಯಿಂದಲೇ.

ಅಂಥವಳಿಗೆ ದೇವರು ಎಂಥ ಫಜೀತಿ ತಂದಿಟ್ಟ ನೋಡಿ. ಸೊಸೆ ರಮ್ಯ ನಾಲ್ಕು ತಿಂಗಳ ಬಸುರಿ. ಅತ್ತೆಯ ಅಡುಗೆಯ ವಾಸನೆ ಮೂಗಿಗೆ ಬಡಿದರೆ ಸಾಕು, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಬಚ್ಚಲಿಗೆ ಓಡುತ್ತಾಳೆ. ಒಗ್ಗರಣೆ ಆಗದು, ಬೆಳ್ಳುಳ್ಳಿ ಆಗದು, ಹುರಿದ ಧನಿಯವಂತೂ ಆಗಲೇ ಆಗದು. ಬಸುರಿಯರಿಗೆ ವಾಂತಿ ಹೊಸದೇನಲ್ಲ, ಮೂರು ತಿಂಗಳು ಕಳೆದರೆ ನಿಲ್ಲುತ್ತದೆ ಅಂದುಕೊಂಡರು. ನಿಲ್ಲಲಿಲ್ಲ. ಏಳು ಕೆ.ಜಿ. ಇಳಿದುಹೋದಳು. ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ಶನಿವಾರ ದೇವನಹಳ್ಳಿ ಆಸ್ಪತ್ರೆಯಲ್ಲಿ ತೋರಿಸಿದಾಗ ಡಾಕ್ಟರಮ್ಮ ಖಡಕ್ಕಾಗಿ ಹೇಳಿದರು: ಭಾನುವಾರ ಸಂಜೆಯೊಳಗೆ ಹೊಟ್ಟೆಯಲ್ಲಿ ಏನಾದರೂ ನಿಂತರೆ ಸರಿ, ಇಲ್ಲದಿದ್ದರೆ ಕರೆತಂದು ಅಡ್ಮಿಟ್ ಮಾಡಿ.

ಅಡ್ಮಿಟ್ ಅನ್ನುವ ಮಾತು ಕೇಳಿ ಅಮ್ಮಯಮ್ಮನಿಗೆ ಹಿಂದಿನದು ನೆನಪಾಯಿತು. ಹೋದ ವರ್ಷ ಇದೇ ರಮ್ಯಳನ್ನು ಐದನೇ ತಿಂಗಳಲ್ಲಿ ಆಸ್ಪತ್ರೆಗೆ ಸೇರಿಸಿದ್ದರು, ವಾಪಸ್ಸು ಬರುವಾಗ ಹೊಟ್ಟೆ ಬರಿದಾಗಿತ್ತು. ಈ ಸಲವೂ ಹಾಗೇ ಆದರೆ? ಆ ಯೋಚನೆ ಬಂದಾಗಲೆಲ್ಲ ಮುದುಕಿ ಎದ್ದು ಸುಮ್ಮನೆ ಪಾತ್ರೆ ತೊಳೆಯುತ್ತಿದ್ದಳು.

ಭಾನುವಾರ ಬೆಳಗ್ಗೆ ಸೊಸೆಯ ಕೋಣೆಯವರೆಗೆ ಹೋಗಿ, ಬಾಗಿಲಲ್ಲೇ ದೂರ ನಿಂತು ಕೇಳಿದಳು.

"ಏನಾದ್ರೂ ತಿನ್ಬೇಕು ಅನ್ಸುತ್ತೇನವ್ವ? ಏನ್ ಬೇಕಾದ್ರೂ ಹೇಳು. ಬಯಕೆ ತೀರಿಸ್ದೆ ಇದ್ರೆ ಮಗೀಗೆ ಕಿವಿ ಸೋರ್ತದೆ."

ರಮ್ಯ ಕಣ್ಣು ಮುಚ್ಚಿಕೊಂಡೇ, "ಗುಲಾಷ್" ಅಂದಳು.

"ಅದೇನವ್ವ ಅದು? ಸೊಪ್ಪಾ?"

ರಮ್ಯ ಬಸುರಿಯಾಗುವ ಮುಂಚೆ ಏರ್‌ಪೋರ್ಟ್ ಹತ್ತಿರದ ದೊಡ್ಡ ಹೋಟೆಲೊಂದರ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವ ಕೆಲಸದಲ್ಲಿದ್ದಳು. ಅಲ್ಲಿಗೆ ಹಂಗೇರಿ ದೇಶದ ಅಡುಗೆಯವನೊಬ್ಬ ಹತ್ತು ದಿನ ಬಂದಿದ್ದ. ಅವನು ಮಾಡುತ್ತಿದ್ದ ಮಾಂಸದ ಸಾರು ಅದು. ಮಾಂಸದಷ್ಟೇ ಈರುಳ್ಳಿ, ಖಾರವಿಲ್ಲದ ಕೆಂಪು ಮೆಣಸಿನಪುಡಿ, ಆಲೂಗಡ್ಡೆ, ಟೊಮೇಟೊ, ಚೂರು ಶಾಜೀರಿಗೆ. ಸಣ್ಣ ಉರಿಯಲ್ಲಿ ಮೂರು ಗಂಟೆ. ಅಷ್ಟೇ. ಹೋಟೆಲಿನಲ್ಲಿ ಯಾವ ಮಾಂಸ ಹಾಕುತ್ತಿದ್ದರೆಂದು ಅತ್ತೆ ಕೇಳಲಿಲ್ಲ, ಸೊಸೆಯೂ ಹೇಳಲು ಹೋಗಲಿಲ್ಲ.

"ಮಸಾಲೆ?" ಅಂದಳು ಅಮ್ಮಯಮ್ಮ.

"ಇಲ್ಲ ಅತ್ತೆ."

"ಕಾಯಿ, ಗಸಗಸೆ?"

"ಏನೂ ಇಲ್ಲ. ಅದನ್ನ ಮಾತ್ರ ತಿನ್ಬೋದೇನೋ ಅನ್ಸುತ್ತೆ. ನೆನೆಸ್ಕೊಂಡ್ರೆ ವಾಂತಿ ಬರ್ತಿಲ್ಲ."

ನಾಲ್ಕು ತಿಂಗಳಲ್ಲಿ ಅವಳು ಒಂದು ಊಟದ ಬಗ್ಗೆ ಇಷ್ಟು ಮಾತಾಡಿದ್ದು ಅದೇ ಮೊದಲು. ಮುನಿರಾಜ ಬೈಕಿನಲ್ಲಿ ಹೋಗಿ ಎಳೆಯ ಕುರಿ ಮಾಂಸ ತಂದ. ಅಮ್ಮಯಮ್ಮ ಬ್ಯಾಡಗಿ ಮೆಣಸಿನಕಾಯಿ ಸೀಳಿ, ಒಂದು ಬೀಜವೂ ಉಳಿಯದಂತೆ ಕೊಡವಿ, ಸಿಪ್ಪೆಯನ್ನು ಮಾತ್ರ ಪುಡಿ ಮಾಡಿದಳು. ಹಳೇ ಪಾತ್ರೆಗಳಿಗೆ ಮಸಾಲೆ ಹಿಡಿದಿರುತ್ತದೆಂದು ಮಗನ ಮದುವೆಯಲ್ಲಿ ಮುಯ್ಯಿ ಬಂದಿದ್ದ ಹೊಸ ಸ್ಟೀಲ್ ಪಾತ್ರೆಯನ್ನು ಅಟ್ಟದಿಂದ ಇಳಿಸಿದಳು. ಹಿತ್ತಿಲಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿದಳು. ಇಷ್ಟು ಮುತುವರ್ಜಿಯಿಂದ ಅವಳು ಯಾರ ಮದುವೆಗೂ ಅಡುಗೆ ಮಾಡಿರಲಿಲ್ಲ, ಸತ್ಯವಾಗಿ.

ಈರುಳ್ಳಿ ಬಾಡಿತು, ಮಾಂಸ ಬಿತ್ತು, ಪುಡಿ ಬಿತ್ತು, ನೀರು ಬಿತ್ತು. ಆಮೇಲೆ ಮಾಡಲು ಏನೂ ಕೆಲಸವೇ ಇಲ್ಲ! ಅಮ್ಮಯಮ್ಮನಿಗೆ ಅದೇ ದೊಡ್ಡ ಕಷ್ಟವಾಯಿತು. ಸಾರು ಕುದಿಯುವಾಗ ಸುಮ್ಮನೆ ಕೂತು ಅವಳಿಗೆ ಗೊತ್ತೇ ಇಲ್ಲ. ಎರಡು ಸಲ ಒಳಗೆ ಹೋಗಿ ಬಂದಳು. ರಮ್ಯ ಕಿಟಕಿಯಿಂದ, "ಇನ್ನೂ ಆಗ್ಬೇಕು ಅತ್ತೆ, ಗಟ್ಟಿ ಆಗ್ಲಿ" ಅಂದಳು. ದನಿಯಲ್ಲಿ ಆಸೆ ಇತ್ತು. ಮುದುಕಿಗೆ ಕಣ್ಣು ತುಂಬಿ ಬಂತು.

ಮೂರು ಗಂಟೆ ಮುಗಿಯುವ ಹೊತ್ತಿಗೆ ಪಕ್ಕದ ಮನೆಯ ಅನುಸೂಯಮ್ಮ ಬೇಲಿಯ ಆಚೆಯಿಂದ ಇಣುಕಿದಳು. ಈ ಅನುಸೂಯಮ್ಮನ ಬಾಯಿಗೆ ಬೀಗ ಹಾಕುವವರು ಆ ಬೀದಿಯಲ್ಲಿ ಹುಟ್ಟಿಲ್ಲ.

"ಏನಕ್ಕ, ಕುರಿ ತಂದವ್ನೆ ಮಗ ಅಂತ ಕೇಳ್ದೆ. ವಾಸ್ನೇನೇ ಇಲ್ವಲ್ಲ! ನೀನ್ ಬೇಯಿಸ್ತಿರೋದು ಮಾಂಸಾನೋ, ಆಸ್ಪತ್ರೆ ಗಂಜೀನೋ?"

"ಬಸ್ರಿ ಹುಡ್ಗಿ ಕೇಳವ್ಳೆ ಕಣೇ, ನಿಂಗೇನ್ ಗೊತ್ತು ಸುಮ್ಕಿರು" ಅಂದಳು ಅಮ್ಮಯಮ್ಮ. ಮಾತೇನೋ ಆಡಿದಳು, ಆದರೆ ಆ ಕೊಂಕು ಚುಚ್ಚಿತು. ಬೇಲಿಯ ಕಡೆ ಮುಖ ಮಾಡಿ ಜಗಳವಾಡುತ್ತಲೇ ಮುಚ್ಚಳ ತೆಗೆದಳು, ಸೌಟು ಆಡಿಸಿದಳು, ಹಿತ್ತಿಲ ಗೋಡೆಯ ಗೂಡಿನಲ್ಲಿದ್ದ ಡಬ್ಬಿಯಿಂದ ಚಿಟಿಕೆ ಉದುರಿಸಿದಳು, ಮುಚ್ಚಳ ಮುಚ್ಚಿದಳು. ಇಳಿಸುವ ಮುಂಚೆ ಧನಿಯ, ಚಕ್ಕೆ, ಲವಂಗ ಕೂಡಿಸಿ ಕುಟ್ಟಿದ ಪುಡಿ ಚಿಟಿಕೆ ಹಾಕುವುದು ನಲವತ್ತು ವರ್ಷದ ಅಭ್ಯಾಸ. ಕೈ ತನ್ನ ಪಾಡಿಗೆ ತಾನು ಹೋಗಿ ಬಂದುಬಿಟ್ಟಿತ್ತು.

ಡಬ್ಬಿಯನ್ನು ಗೂಡಿಗಿಡುವಾಗ ಅದು ಗೊತ್ತಾಯಿತು. "ಅಯ್ಯೋ ಶಿವನೇ!" ಅಂದಳು. ಮುಚ್ಚಳ ತೆಗೆದು ಸೌಟಿನಿಂದ ಮೇಲುಮೇಲಿನದನ್ನು ತೆಗೆದು ಚೆಲ್ಲಿದಳು. ಇನ್ನೊಂದು ಚೊಂಬು ಬಿಸಿನೀರು ಹುಯ್ದಳು. ಬೆರೆತುಹೋದದ್ದನ್ನು ಯಾರು ತಾನೇ ಹೆಕ್ಕಲಾದೀತು? ಇನ್ನೊಂದು ಸಲ ಮಾಡೋಣವೆಂದರೆ ಮತ್ತೆ ಮೂರು ಗಂಟೆ ಬೇಕು, ಆಗಲೇ ಹೊತ್ತು ವಾಲುತ್ತಿತ್ತು. ಒಂದು ಚಿಟಿಕೆ ತಾನೇ, ಗೊತ್ತಾಗಲಿಕ್ಕಿಲ್ಲ ಅಂತ ತನಗೆ ತಾನೇ ಹೇಳಿಕೊಂಡು ತಟ್ಟೆಗೆ ಬಡಿಸಿದಳು.

ರಮ್ಯ ಎದ್ದು ದಿಂಬಿಗೆ ಒರಗಿ ಕೂತಿದ್ದಳು. ಕೂದಲು ಕೂಡ ಬಾಚಿಕೊಂಡಿದ್ದಳು. ತಟ್ಟೆ ಹತ್ತಿರ ಬಂದಾಗ ಅವಳ ಮೂಗಿನ ಹೊಳ್ಳೆ ಒಮ್ಮೆ ಅದುರಿತು. ಅತ್ತೆಯ ಮುಖ ನೋಡಿದಳು. ಒಂದು ಚಮಚ ಬಾಯಿಗಿಟ್ಟಳು.

"ಚೆನ್ನಾಗಿದೆ ಅತ್ತೆ" ಅಂದಳು.

ಎರಡನೆಯದನ್ನೂ ಇಟ್ಟುಕೊಂಡಳು. ಹಣೆಯ ಮೇಲೆ ಬೆವರು ಮೂಡಿತ್ತು. ಎಡಗೈ ಮಂಚದ ಪಟ್ಟಿಯನ್ನು ಬಿಗಿಯಾಗಿ ಹಿಡಿದಿತ್ತು. ಅಷ್ಟು ಜನಕ್ಕೆ ಬಡಿಸಿದವಳಿಗೆ ತಿನ್ನುವವರ ಮುಖ ಓದಲು ಬರುವುದಿಲ್ಲವೇ? ಮೂರನೆಯ ಚಮಚ ಎತ್ತುವಾಗ ಅಮ್ಮಯಮ್ಮ ತಟ್ಟೆಯನ್ನು ಕಿತ್ತುಕೊಂಡಳು.

"ಬ್ಯಾಡ ಬಿಡವ್ವ. ನಾನೇ ಮಸಾಲೆ ಹಾಕ್ಬಿಟ್ಟೆ. ಬೇಕು ಅಂತ ಹಾಕ್ಲಿಲ್ಲ ಕಣವ್ವ, ನನ್ ಕೈಗೆ ಬೆಂಕಿ ಬೀಳ."

"ಇಲ್ಲ ಅತ್ತೆ, ತಿಂತೀನಿ, ಕೊಡಿ" ಅಂತ ರಮ್ಯ ಕೈ ಚಾಚಿದಳು. ಅಷ್ಟರಲ್ಲಿ ತಿಂದದ್ದೆಲ್ಲ ಬಂದುಬಿಟ್ಟಿತು. ಅದರ ಹಿಂದೆಯೇ ಬರೀ ಹಳದಿ ನೀರು. ಆಮೇಲೆ ಅದೂ ಇಲ್ಲ, ಒಣ ಓಕರಿಕೆ. ಬೆನ್ನು ನೀವಲು ಹೋದ ಅತ್ತೆ ಕೈ ಅರ್ಧಕ್ಕೆ ತಡೆದಳು. ಮುಟ್ಟಿದರೆ ಇನ್ನೂ ಹೆಚ್ಚಾದರೆ?

ಮುನಿರಾಜ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಸುಮ್ಮನೆ ಬ್ಯಾಗಿಗೆ ಬಟ್ಟೆ ತುಂಬಿದ, ಸ್ನೇಹಿತನ ಕಾರು ತರಿಸಿದ, ಹೆಂಡತಿಯನ್ನು ಹಿಡಿದುಕೊಂಡು ಹೋಗಿ ಕೂರಿಸಿದ. "ನೀನೂ ಬಾ ಅಮ್ಮ, ಒಬ್ಬನ ಕೈಲಿ ಆಗಲ್ಲ" ಅಂದ.

"ನನ್ ಸೀರೆಯೆಲ್ಲ ಅದೇ ವಾಸ್ನೆ ಕಣಪ್ಪ. ದಾರೀಲಿ ಇನ್ನೂ ಕಷ್ಟ ಆಗ್ತದೆ ಅವ್ಳಿಗೆ."

ರಮ್ಯ ಕಾರಿನೊಳಗಿಂದ ನೋಡಿದಳು. ಅವಳಿಗೂ ಹಿಂದಿನ ಸಲದ ನೆನಪೇ ಬಂದಿರಬೇಕು, ಕಣ್ಣಲ್ಲಿ ಭಯವಿತ್ತು. "ಸ್ನಾನ ಮಾಡ್ಕೊಂಡ್ ಬನ್ನಿ ಅತ್ತೆ. ಬೇಗ ಬನ್ನಿ" ಅಂದಳು.

ಕಾರು ಹೋಯಿತು. ಅಮ್ಮಯಮ್ಮ ತಲೆಗೆ ನೀರು ಹಾಕಿಕೊಂಡಳು. ಸೀಗೆಪುಡಿ, ಸೋಪು, ಹುಣಸೆಹಣ್ಣು, ಸಿಕ್ಕಿದ್ದನ್ನೆಲ್ಲ ಹಾಕಿ ಕೈ ಉಜ್ಜಿದಳು. ಉಗುರಿನ ಸಂದಿಯನ್ನು ಕಡ್ಡಿಯಿಂದ ಕೆರೆದಳು. ಟ್ರಂಕಿನಲ್ಲಿದ್ದ ಉಡದ ಸೀರೆ ತೆಗೆದು ಉಟ್ಟಳು. ಆಮೇಲೆ ಅಂಗೈ ಮೂಸಿ ನೋಡಿಕೊಂಡಳು. ಏನೂ ಇಲ್ಲ ಅನ್ನಿಸಿತು. ಆದರೆ ಬೆಳಗ್ಗೆಯೂ, ನಿನ್ನೆಯೂ, ಯಾವತ್ತೂ ಅವಳಿಗೆ ಹಾಗೆಯೇ ಅನ್ನಿಸುತ್ತಿತ್ತಲ್ಲ. ಆ ವಾಸನೆ ಹೋಗಿದೆಯೋ ಇದೆಯೋ ಹೇಳಲು ಅವಳ ಮೂಗಿಗೆ ಬರಲೇ ಇಲ್ಲ.

ಬೇಲಿಯ ಹತ್ತಿರ ಹೋಗಿ ಅನುಸೂಯಮ್ಮನನ್ನು ಕೂಗಿ ಎರಡೂ ಕೈ ಚಾಚಿದಳು.

"ವಸಿ ಮೂಸಿ ನೋಡೇ. ಮಸಾಲೆ ವಾಸ್ನೆ ಐತಾ?"

ಅನುಸೂಯಮ್ಮ ಈ ಸಲ ಕೊಂಕು ಆಡಲಿಲ್ಲ. ಎರಡೂ ಕೈ ಹಿಡಿದುಕೊಂಡು ಚೆನ್ನಾಗಿ ಮೂಸಿದಳು. "ಇಲ್ಲ ಕಣಕ್ಕ, ಬರೀ ಸೋಪು. ಹೋಗ್ ಬಾ" ಅಂದಳು. ಹಾಗೆ ಅಂದವಳ ಬೆರಳುಗಳೆಲ್ಲ ತನ್ನ ಮನೆಯ ಸಾರಿಗೆ ಅರೆದ ಮಸಾಲೆಯಿಂದ ಹಳದಿಯಾಗಿದ್ದವು.

ಅಮ್ಮಯಮ್ಮ ಬಸ್ ಸ್ಟಾಪಿನವರೆಗೂ ಹೋದಳು. ದೇವನಹಳ್ಳಿ ಬಸ್ಸು ಬಂತು. ಕಂಡಕ್ಟರು, "ಬೇಗ ಹತ್ತಮ್ಮ" ಅಂದ. ಕಂಬಿ ಹಿಡಿಯಲು ಕೈ ಎತ್ತಿದವಳು ಮತ್ತೊಮ್ಮೆ ಅದನ್ನು ಮೂಸಿಕೊಂಡಳು. ಬಸ್ಸು ಅವಳನ್ನು ಬಿಟ್ಟು ಹೊರಟುಹೋಯಿತು.