ತಾಯಿಗಿಂತ ನಾಲ್ಕು ವರ್ಷ ಕಿರಿಯ ಮಗ

೧೯೬೪ರಲ್ಲಿ ನಾನು ಹುಬ್ಬಳ್ಳಿಯ ಒಂದು ನೂಲಿನ ಗಿರಣಿಯಲ್ಲಿ ಲೇಬರ್ ವೆಲ್‌ಫೇರ್ ಆಫೀಸರ್ ಆಗಿದ್ದೆ. ಕಾರ್ಮಿಕರ ದೂರು, ರಜೆ, ನಿವೃತ್ತಿಯ ಕಾಗದಗಳು ನನ್ನ ಮೇಜಿಗೆ ಬರುತ್ತಿದ್ದವು. ಧಾರವಾಡದಲ್ಲಿ ಸಂಖ್ಯಾಶಾಸ್ತ್ರದ ಎಂ.ಎ. ಮುಗಿಸಿ ಬಂದಿದ್ದ ನನಗೆ ಯಾರ ನೆನಪಿನ ಮೇಲೂ ನಂಬಿಕೆಯಿರಲಿಲ್ಲ. ಈಗ ನನ್ನದರ ಮೇಲೂ ಇಲ್ಲ. ಅದಕ್ಕೇ ಆ ಪ್ರಕರಣದ ವರದಿಯ ಕಾರ್ಬನ್ ಪ್ರತಿಯನ್ನು ಎದುರಿಗಿಟ್ಟುಕೊಂಡು ಬರೆಯುತ್ತಿದ್ದೇನೆ.

ನೂಲನ್ನು ಲಡಿಯಾಗಿ ಸುತ್ತುವ ರೀಲಿಂಗ್ ವಿಭಾಗದಲ್ಲಿ ನೀಲವ್ವ ಎಂಬಾಕೆ ಕೆಲಸ ಮಾಡುತ್ತಿದ್ದಳು. ಐವತ್ತೆಂಟು ತುಂಬಿದೆ, ತಿಂಗಳ ಕೊನೆಗೆ ನಿವೃತ್ತಿ ಎಂದು ಆಕೆಗೆ ನೋಟೀಸು ಹೋಯಿತು.

“ನನಗ ಇನ್ನೂ ಐವತ್ತ ಆಗಿಲ್ಲರಿ ಸಾಹೇಬ್ರ,” ಎಂದು ಬಂದು ನಿಂತಳು.

ನೋಟೀಸು ಕೈಗೆ ಬಂದೊಡನೆ ಹತ್ತು ವರ್ಷ ಚಿಕ್ಕವರಾಗುವವರನ್ನು ನಾನು ಬಹಳ ಕಂಡಿದ್ದೆ. ಆದರೂ ದಾಖಲೆ ತೆಗೆಸಿ ನೋಡಿದೆ. ರೀಲಿಂಗ್ ವಿಭಾಗದ ಹೆಂಗಸರೆಲ್ಲ ತಂತಮ್ಮ ಗಂಡಂದಿರಿಗಿಂತ ಸರಿಯಾಗಿ ಐದು ವರ್ಷ ಚಿಕ್ಕವರು! ಹಳೆಯ ಗುಮಾಸ್ತರು ಅವರನ್ನು ಕೇಳಿಯೇ ಇರಲಿಲ್ಲ. ಗಂಡನ ವಯಸ್ಸಿನಲ್ಲಿ ಐದು ಕಳೆದು ಬರೆದಿದ್ದರು. ನೀಲವ್ವನ ಗಂಡ ಫಕೀರಪ್ಪನಿಗೆ ಅರವತ್ಮೂರು.

ಮರುದಿನ ದುರ್ಗದಬೈಲಿನ ಹಿಂದಿನ ಓಣಿಯಲ್ಲಿದ್ದ ಅವರ ಮನೆಗೆ ಹೋದೆ. ಎದೆ ಕೆಟ್ಟು ಅದೇ ಗಿರಣಿ ಬಿಟ್ಟಿದ್ದ ಫಕೀರಪ್ಪ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದ. ಹೆಂಡತಿಯ ದುಡಿಮೆಯಿಂದಲೇ ಮನೆ ನಡೆಯುತ್ತಿತ್ತು.

“ನಲವತ್ತ ವರ್ಷ ಆಕಿ ಬಡದು ಹಾಕ್ಯಾಳ. ಈಗ ನಾ ಕಲ್ಯಾಕತ್ತೇನ್ರಿ,” ಎಂದ.

“ಕಲತಾರ ನೋಡ್ರಿ, ಒಂದರ ದುಂಡಗ ಐತೇನು?” ಎಂದು ನೀಲವ್ವ ನಕ್ಕಳು.

ಮದುವೆಯ ವರ್ಷ ಕೇಳಿದೆ. ಫಕೀರಪ್ಪ ಲೆಕ್ಕ ಹಾಕುತ್ತ, “ಮೊದಲನೇಕಿ ತೀರಿಕೊಂಡ ಮ್ಯಾಲ ಈಕಿನ್ನ ತಂದ್ವಿ. ಆಗ ನಮ್ಮ ಶಿವಪುತ್ರಗ ಆರು, ಈಕಿಗೆ ಹತ್ತು. ಇಬ್ರೂ ಕೂಡಿ ಅಂಗಳದಾಗ ಗೋಲಿ ಆಡ್ತಿದ್ರು…” ಎಂದ.

ನೀಲವ್ವನ ನಗು ನಿಂತಿತು. ಗಂಡನನ್ನು ದುರುಗುಟ್ಟಿ ನೋಡಿದಳು.

ನನಗೆ ಮಾತ್ರ ಖುಷಿ. ಶಿವಪುತ್ರ ಧಾರವಾಡದ ಹತ್ತಿರದ ಮುಗದ ಎಂಬ ಹಳ್ಳಿಯಲ್ಲಿ ಮಾಸ್ತರ. ಅವರ ಶಾಲಾ ದಾಖಲೆಯಲ್ಲಿ ಹುಟ್ಟಿದ ತಾರೀಖು ಇದ್ದೇ ಇರುತ್ತದೆ. ಅದನ್ನು ಹಿಡಿದರೆ ಆಕೆಯ ವಯಸ್ಸು ಸಿಕ್ಕಂತೆ. ಆದರೆ ಆಕೆ ಒಪ್ಪಲಿಲ್ಲ.

“ಅಂವಾ ನನ್ನ ಮಗ. ಮಲಮಗ ಅಂತ ಓಣ್ಯಾಗ ಯಾರ ಬಾಯಾಗೂ ಅನಿಸಿಕೊಂಡಿಲ್ಲ. ನಿಮ್ಮ ಕಾಗದದಾಗ ಅನಿಸಿಕೊಳ್ಳಲೇನು? ನೌಕರಿ ಹೋದ್ರ ಹೋಗ್ಲಿ.”

ತಂದೆ ಸುದ್ದಿ ಮುಟ್ಟಿಸಿರಬೇಕು, ಕೊನೆಯ ವಾರ ಶಿವಪುತ್ರ ಮಾಸ್ತರರು ಶಾಲೆಯ ಸರ್ಟಿಫಿಕೇಟು ಹಿಡಿದು ಆಫೀಸಿಗೆ ಬಂದರು. ಹುಟ್ಟಿದ ವರ್ಷ ೧೯೧೯. ನೀಲವ್ವನನ್ನೂ ಕರೆಸಿದೆ.

“ನಿಮ್ಮ ತಾಯಿಯವರು ಬ್ಯಾಡ ಅಂದಾರಲ್ರಿ?” ಎಂದೆ.

“ಸಣ್ಣವರಿದ್ದಾಗ ನನ್ನ ಗೋಲಿ ಎಲ್ಲಾ ಗೆದ್ದು ಇಟ್ಕೊಂಡಾಳರಿ ಅವ್ವ. ಒಂದೂ ತಿರುಗಿ ಕೊಟ್ಟಿಲ್ಲ. ಈಗೂ ಆಕಿನ ಗೆಲ್ಲಬೇಕೇನು?”

ಹೇಳಿಕೆ ಬರೆಯತೊಡಗಿದೆ. ಸಾಕ್ಷಿಗೂ ಅರ್ಜಿದಾರಳಿಗೂ ಇರುವ ಸಂಬಂಧ ಎಂಬ ಅಂಕಣಕ್ಕೆ ಬಂದು ‘ಮಲ’ ಎಂದು ಬರೆಯುವಷ್ಟರಲ್ಲಿ ನೀಲವ್ವನ ಕೈ ಕಾಗದದ ಮೇಲೆ ಬಿತ್ತು. ಲಡಿ ಸುತ್ತಿ ಸುತ್ತಿ ಬೆರಳುಗಳ ಮೇಲೆ ಗೆರೆ ಮೂಡಿದ್ದವು. ಹೀಗೆಂದು ನೆನಪು, ಗೆರೆಗಳನ್ನು ಆಮೇಲೆ ನಾನೇ ಸೇರಿಸಿಕೊಂಡಿರಲೂಬಹುದು. ಆದರೆ ಕಾರ್ಬನ್ ಪ್ರತಿಯಲ್ಲಿ ‘ಮಲ’ ಹೊಡೆದುಹಾಕಿದೆ. ಪಕ್ಕದಲ್ಲಿ ನನ್ನದೇ ಅಕ್ಷರ: “ಮಗ. ತಾಯಿಗಿಂತ ನಾಲ್ಕು ವರ್ಷ ಕಿರಿಯ.”

ಮ್ಯಾನೇಜರರು ಅದನ್ನೋದಿ ಕನ್ನಡಕ ತೆಗೆದರು. “ಏನ್ರಿ ಇದು, ನಾಲ್ಕು ವರ್ಷದಾಕಿ ಹಡದಾಳೇನು?”

“ಹಡದಿಲ್ಲರಿ ಸರ್, ಸಾಕ್ಯಾಳ,” ಎಂದೆ. ನಿಜಕ್ಕೂ ಅಷ್ಟು ಚುರುಕಾಗಿ ಉತ್ತರಿಸಿದೆನೋ, ಬಲ್ಲವರಿಲ್ಲ. ಸರ್ಟಿಫಿಕೇಟನ್ನು ಎರಡು ಸಲ ತಿರುವಿ ನೋಡಿ ಅವರು ಸಹಿ ಹಾಕಿದ್ದಂತೂ ಖರೆ. ನೀಲವ್ವನಿಗೆ ನಲವತ್ತೊಂಬತ್ತು ಎಂದು ದಾಖಲಾಯಿತು. ಇನ್ನೂ ಒಂಬತ್ತು ವರ್ಷದ ಕೆಲಸ ಉಳಿಯಿತು.

ಅಂದಿನಿಂದ ಯಾವ ಹೆಂಗಸಿನ ವಯಸ್ಸನ್ನೂ ಗಂಡನ ವಯಸ್ಸಿನಲ್ಲಿ ಐದು ಕಳೆದು ಬರೆಯಲು ಬಿಡಲಿಲ್ಲ. ಆಕೆಯನ್ನೇ ಕೇಳಿದೆ, ಉತ್ತರ ಮುಗಿಯುವವರೆಗೆ ಕೂತು ಕೇಳಿದೆ. ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟೇ, ಆದರೆ ಇಷ್ಟನ್ನು ಯಾವ ವಿಶ್ವವಿದ್ಯಾಲಯವೂ ಕಲಿಸಿರಲಿಲ್ಲ.

ಹತ್ತು ವರ್ಷಗಳ ಬಳಿಕ ಮಾಸ್ತರರಿಂದ ಒಂದು ಕಾರ್ಡು ಬಂತು. “ಅವ್ವ ಹ್ವಾದ ವರ್ಷ ರಿಟಾಯರ್ ಆದಳು, ಮಾಸ್ತರಿಗೆ ಐವತ್ತೈದಕ್ಕ ಅಲ್ರಿ, ನಾ ಈ ವರ್ಷ ಆದೆ. ಈಗ ಮತ್ತ ಇಬ್ಬರೂ ಮನ್ಯಾಗ ಇದ್ದೇವಿ. ನನ್ನ ಗೋಲಿ ಎಲ್ಲಿಟ್ಟೀ ಅಂತ ದಿನಾ ಕೇಳಾಕತ್ತೇನಿ. ಹೇಳವೊಲ್ಲಳು.”