ಗಾಳಿ ಮೇಸ್ತ್ರಿ ತೋರಿಸಿದ ಗೋಡೆ

ಕೋಳಿ ಫಾರಮ್ಮಿನಲ್ಲಿ ಎಲ್ಲರೂ ಅವನನ್ನು ಗಾಳಿ ಮೇಸ್ತ್ರಿ ಎನ್ನುತ್ತಿದ್ದರು. ಮೊಟ್ಟೆ ಕೋಳಿಗಳ ಆ ಉದ್ದನೆಯ ಶೆಡ್ಡಿಗೆ ಗಾಳಿ ಬಿಡುವುದು, ತಡೆಯುವುದು ಅವನ ಕೆಲಸ. ಬೆಳಿಗ್ಗೆ ಒಳಗೆ ಕಾಲಿಟ್ಟಾಗ ಹಿಕ್ಕೆಯ ಘಾಟಿಗೆ ಕಣ್ಣು ಉರಿದರೆ ಪಕ್ಕದ ಪರದೆಗಳನ್ನು ಸುತ್ತಿ ಮೇಲೆತ್ತುತ್ತಿದ್ದ; ಕೋಳಿಗಳು ಚಳಿಗೆ ಮುದುರಿ ಕೂತಿದ್ದರೆ ಇಳಿಸುತ್ತಿದ್ದ. ಹೆತ್ತ ತಾಯಿಯೂ ಕೂಸಿನ ಹೊದಿಕೆಯನ್ನು ಅಷ್ಟು ಸಲ ಸರಿಮಾಡಿರಲಾರಳು.

ಇಷ್ಟು ವರ್ಷ ದುಡಿದರೂ ಯಜಮಾನರು ಅವನ ಅಭಿಪ್ರಾಯ ಕೇಳಿದವರಲ್ಲ. ಒಂದು ದಿನ, ಮೊಟ್ಟೆ ಕಡಿಮೆಯಾಯಿತೆಂದು ಕರೆಸಿದ್ದ ಕೋಳಿ ಡಾಕ್ಟರ ಎದುರಿಗೇ ಕೇಳಿಬಿಟ್ಟರು.

"ಘಾಟು ಎಳೆದು ಹೊರಗೆ ಹಾಕೋ ದೊಡ್ಡ ಫ್ಯಾನು ತರಿಸ್ತಿದೀನಿ. ಯಾವ ಕಡೆ ಕೂರಿಸೋಣ ಮೇಸ್ತ್ರಿ?"

ದೊಡ್ಡವರು ಸಲಹೆ ಕೇಳಿದರೆ ಉಬ್ಬದವನು ಯಾರಿದ್ದಾನೆ! ಮೇಸ್ತ್ರಿ ಹಿಂದುಮುಂದು ನೋಡದೆ ಪೂರ್ವದ ಗೋಡೆಗೆ ಕೈ ತೋರಿಸಿದ. "ಇಲ್ಲಿ ಗಾಳಿ ಬೀಸೋದು ಪಶ್ಚಿಮದಿಂದ. ಒಳ್ಳೇದು ಆ ಕಡೆಯಿಂದ ಬರ್ಲಿ, ಕೆಟ್ಟದ್ದು ಈ ಕಡೆ ಹೋಗ್ಲಿ."

ಡಾಕ್ಟರು ತಲೆದೂಗಿದರು. ಆ ಗೋಡೆಯ ಬೆನ್ನಿಗೇ ತನ್ನ ಕೋಣೆಯಿದೆ, ಅಲ್ಲಿ ಉಬ್ಬಸದ ಹೆಂಡತಿಯಿದ್ದಾಳೆ ಎಂಬುದು ಆ ಪೆದ್ದ ಮೇಸ್ತ್ರಿಗೆ ನೆನಪೇ ಆಗಲಿಲ್ಲ.

ಫ್ಯಾನುಗಳು ಬಂದವು. ಕೋಳಿಗಳ ಕಣ್ಣು ತಿಳಿಯಾಯಿತು, ಮೊಟ್ಟೆ ಏರಿತು. ಘಾಟು, ಪುಕ್ಕದ ಧೂಳು ಎಲ್ಲ ಮೇಸ್ತ್ರಿಯ ಕಿಟಕಿಗೆ ಬಂದು ಬಡಿಯತೊಡಗಿತು. ಮುಚ್ಚಿದರೆ ಸೆಕೆ, ತೆರೆದರೆ ಕೆಮ್ಮು. ಹೆಂಡತಿ ಕೂತೇ ನಿದ್ದೆ ಮಾಡುವುದನ್ನು ಕಲಿತಳು. "ಮನೆಗೆ ಮಾರಿ, ಕೋಳಿಗೆ ಉಪಕಾರಿ," ಎಂದು ಮೊದಮೊದಲು ಗಂಡನನ್ನು ಛೇಡಿಸುತ್ತಿದ್ದಳು. ಆಮೇಲೆ ಛೇಡಿಸುವುದಕ್ಕೂ ಉಸಿರು ಸಾಲದಾಯಿತು. ಬೇರೆ ಕೋಣೆ ಕೇಳಿದರೆ ಯಜಮಾನರು, "ಜಾಗ ತೋರಿಸಿದ್ದು ನೀನೇ ಅಲ್ವೇನಯ್ಯಾ?" ಎಂದು ನಕ್ಕರು. ಆ ನಗುವಿಗೆ ಬೆಂಕಿ ಬೀಳಲಿ.

ಒಂದು ಮಧ್ಯಾಹ್ನ ಅವಳಿಗೆ ಉಸಿರು ಕಟ್ಟಿತು. ಹೊರಗೆ ಸುಡುವ ಬಿಸಿಲು, ಒಂದು ಮರದ ನೆರಳೂ ಇಲ್ಲ. ಮೇಸ್ತ್ರಿ ಅವಳನ್ನು ತೋಳು ಹಿಡಿದು ನಡೆಸಿ, ಶೆಡ್ಡಿನ ಪಶ್ಚಿಮದ ತುದಿಯಲ್ಲಿ, ಕೋಳಿಗಳಿಗೆಂದು ಕಟ್ಟಿದ್ದ ನೀರು ಜಿನುಗುವ ತಡಿಕೆಯಿಂದ ತಂಪು ಗಾಳಿ ನುಗ್ಗುವಲ್ಲಿ, ಮೇವಿನ ಮೂಟೆಯ ಮೇಲೆ ಕೂರಿಸಿದ. ಸ್ವಲ್ಪ ಹೊತ್ತಿಗೆ ಅವಳ ಎದೆಯ ಸುಂಯ್‌ಗುಟ್ಟುವಿಕೆ ಇಳಿಯಿತು. ಎಷ್ಟೋ ದಿನಗಳ ಮೇಲೆ ಅವಳು ಕಣ್ಣು ಮುಚ್ಚಿ ಗೋಡೆಗೆ ಒರಗಿದಳು.

ಅಷ್ಟರಲ್ಲಿ ಯಜಮಾನರು ಬಂದರು. "ಏನಯ್ಯಾ ಇದು? ಕೆಲಸದವರನ್ನ ಬಿಟ್ಟು ಯಾರೂ ಒಳಗೆ ಬರಬಾರ್ದು ಅಂತ ಎಲ್ಲರಿಗೂ ಹೇಳೋನು ನೀನೇ! ಕೋಳಿಗೆ ರೋಗ ಹತ್ತಿದ್ರೆ?"

"ಉಸಿರು ಕಟ್ಟಿತ್ತು ಯಜಮಾನ್ರೇ. ಸ್ವಲ್ಪ ಹೊತ್ತು ಕೂತಿರ್ಲಿ."

ಮಾತು ಕೇಳಿ ಹೆಂಡತಿಯೇ ಎದ್ದಳು. "ಬನ್ರೀ, ಕೋಳಿಗಳಿಗೆ ತೊಂದ್ರೆ ಆಗುತ್ತೆ."

ಅದರಲ್ಲಿ ಕುಹಕವಿರಲಿಲ್ಲ. ಅವಳು ನಿಜವಾಗಿಯೂ ಹಾಗೆಂದುಕೊಂಡಿದ್ದಳು.

ಅವಳನ್ನು ಕೋಣೆಯಲ್ಲಿ ಬಿಟ್ಟು ಬಂದಾಗ, "ಸೆಕೆ ಜಾಸ್ತಿ ಆಗಿದೆ, ಉಳಿದ ಫ್ಯಾನುಗಳನ್ನೂ ಹಾಕು," ಎಂದರು ಯಜಮಾನರು. ಪೂರ್ವದ ಗೋಡೆಯ ಸ್ವಿಚ್ಚಿನ ಮೇಲೆ ಮೇಸ್ತ್ರಿಯ ಕೈ ತಡೆದು ನಿಂತಿತು. ಗೋಡೆಯಾಚೆ ಅವಳು ಕೆಮ್ಮುತ್ತಿದ್ದಳು. ಈಚೆ ಕೋಳಿಗಳು ಬಾಯಿ ತೆರೆದು ಏದುಸಿರು ಬಿಡುತ್ತಿದ್ದವು, ಅವಳ ಹಾಗೆಯೇ. ಅವನು ಸ್ವಿಚ್ಚು ಒತ್ತಿದ. ಫ್ಯಾನುಗಳ ಸದ್ದಿನಲ್ಲಿ ಕೆಮ್ಮು ಕೇಳಿಸದಾಯಿತು.